‘ರೈಟ್ ಪೋಯಿ’ಗೆ ಮುಂಚಿನ ಎರಡು ಸೆಕೆಂಡು

ಮಂಗಳೂರಿನ ಸ್ಟೇಟ್ ಬ್ಯಾಂಕ್ ಸ್ಟಾಪಿನಿಂದ ಸುರತ್ಕಲ್ ಕಡೆಗೆ ಹೋಗುವ ಸಿಟಿ ಬಸ್ಸಿನ ಡ್ರೈವರನ್ನು ಒಮ್ಮೆ ಗಮನಿಸಿ ನೋಡಿ. ಬಸ್ಸು ಸ್ಟಾಪಿನಲ್ಲಿ ನಿಂತಿದೆ. ಗೇರ್ ಬಿದ್ದಾಗಿದೆ. ಎಡಗಾಲು ಕ್ಲಚ್ಚಿನ ಮೇಲೆ, ಬಲಗಾಲು ಬ್ರೇಕ್ ಬಿಟ್ಟು ಆಕ್ಸಿಲರೇಟರ್ ಒತ್ತಲು ತಯಾರು. ಕಣ್ಣು ಕನ್ನಡಿಯಲ್ಲಿ, ಕಿವಿ ಹಿಂದಿನ ಬಾಗಿಲಲ್ಲಿ. ಕಂಡಕ್ಟರ್ ‘ರೈಟ್ ಪೋಯಿ’ ಅಂದ ಕೂಡಲೇ ಬಸ್ಸು ಹೊರಡುತ್ತದೆ. ಹಿಂದಿನಿಂದ ಅದೇ ರೂಟಿನ ಇನ್ನೊಂದು ಬಸ್ಸು ಬರುತ್ತಿದ್ದರೆ ‘ಪೋಯಿ’ ಮುಗಿಯುವ ಮುಂಚೆಯೇ ಹೊರಟಿರುತ್ತದೆ, ಆ ಮಾತು ಬೇರೆ.

ಹೊರಡುವ ಮುಂಚಿನ ಆ ಒಂದೆರಡು ಸೆಕೆಂಡು ಅವರ ಕಾಲು ಅಲ್ಲಾಡಿಲ್ಲ. ತಲೆಯೊಳಗೆ ಮಾತ್ರ ಕೆಲಸ ಜೋರಾಗಿ ನಡೆದಿದೆ. ಯಾವ ಕಾಲು, ಎಷ್ಟು ಒತ್ತಬೇಕು, ಸ್ಟೀರಿಂಗ್ ಯಾವ ಕಡೆಗೆ, ಎಲ್ಲ ತೀರ್ಮಾನವಾಗಿದೆ. ಕಾಲನ್ನು ಆಡಿಸುವ ನರಕೋಶಗಳೇ ಈಗಲೂ ಚುರುಕಾಗಿವೆ. ನರಕೋಶವೂ ಅದೇ, ಬೆನ್ನುಹುರಿಯೂ ಅದೇ, ಕಾಲೂ ಅದೇ. ಹಾಗಿದ್ದರೂ ಕಾಲು ಕಾಯುತ್ತದೆ. ಹೇಗೆ?

ಇದು ಇಷ್ಟು ವರ್ಷ ಪ್ರಯೋಗಾಲಯದವರ ತಲೆನೋವಾಗಿತ್ತು. ಈಗ ನಮ್ಮೆಲ್ಲರದ್ದೂ ಆಗಿದೆ. ಮಿದುಳಿನಲ್ಲಿ ಚಿಪ್ ಇಟ್ಟುಕೊಂಡು ಕಂಪ್ಯೂಟರ್ ನಡೆಸುವವರು ಈಗ ನಿಜವಾಗಿಯೂ ಇದ್ದಾರೆ. ‘ಮನಸ್ಸಿನಲ್ಲಿ ಅಂದುಕೊಂಡದ್ದನ್ನೂ ಮೆಷಿನ್ ಓದುತ್ತದೆ’ ಎಂಬ ಸುದ್ದಿ ತಿಂಗಳಿಗೊಮ್ಮೆ ವಾಟ್ಸಾಪಿನಲ್ಲಿ ಸುತ್ತುತ್ತದೆ. ಅದರಲ್ಲಿ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಅಂತ ತಿಳಿಯಬೇಕಾದರೆ ಒಂದು ವಿಷಯ ಗೊತ್ತಿರಬೇಕು. ತಯಾರಿ ಅಂದರೆ ಕೆಲಸದ ಚಿಕ್ಕ ರೂಪ ಅಲ್ಲ. ಅದೇ ನರಕೋಶಗಳು ಬೇರೆಯೇ ಲೆಕ್ಕದಲ್ಲಿ ಮಾಡುವ ಬೇರೆಯೇ ಕೆಲಸ ಅದು.

(ಪಿಯುಸಿ ಪರೀಕ್ಷೆಗೆ ವರ್ಷವಿಡೀ ಮಾಡುವ ತಯಾರಿಯ ಮಾತು ಇಲ್ಲಿಲ್ಲ. ಇದು ಒಂದೆರಡು ಸೆಕೆಂಡಿನ ತಯಾರಿ. ಎರಡನ್ನೂ ಕಲಸಿ ‘ಮಿದುಳಿನ ತಯಾರಿ ಕೋರ್ಸ್’ ಅಂತ ಯಾರಾದರೂ ಜಾಹೀರಾತು ಕೊಟ್ಟರೆ ದುಡ್ಡು ಜೇಬಿನಲ್ಲೇ ಇರಲಿ.)

ಕೆಲಸಕ್ಕೆ ಮುಂಚಿನ ಮಿದುಳನ್ನು ಮೊದಲು ಚೆನ್ನಾಗಿ ಹಿಡಿದವರು ಜರ್ಮನಿಯ ಫ್ರೈಬರ್ಗಿನ ಹಾನ್ಸ್ ಕೋರ್ನ್‌ಹ್ಯೂಬರ್ ಮತ್ತು ಅವರ ವಿದ್ಯಾರ್ಥಿ ಲ್ಯೂಡರ್ ಡೀಕೆ. ಅದು 1964ರ ಸುಮಾರು. ನೆತ್ತಿಯ ಮೇಲೆ ತಂತಿ ಅಂಟಿಸಿ, ‘ನಿಮಗೆ ಬೇಕೆನಿಸಿದಾಗ ಬೆರಳು ಆಡಿಸಿ’ ಎಂದರು. ತೊಂದರೆ ಏನೆಂದರೆ, ಬೆರಳು ಆಡಿಸುವ ಮುಂಚಿನ ಸಂಕೇತ ಬರೀ ಕೆಲವು ಮೈಕ್ರೋವೋಲ್ಟ್. ತಲೆಯ ಉಳಿದ ಗದ್ದಲದಲ್ಲಿ ಅದು ಕಾಣುವುದೇ ಇಲ್ಲ. ನೂರಾರು ಸಲ ಆಡಿಸಿದ್ದನ್ನು ಸೇರಿಸಿ ಸರಾಸರಿ ತೆಗೆದರೆ ಮಾತ್ರ ಕಂಡೀತು. ಆದರೆ ಆಗಿನ ಯಂತ್ರಕ್ಕೆ ಒಂದು ಗುರುತು ಕೊಟ್ಟರೆ, ಆ ಗುರುತಿನ ನಂತರದ್ದನ್ನು ಮಾತ್ರ ಸರಾಸರಿ ಮಾಡಲು ಬರುತ್ತಿತ್ತು. ಇವರಿಗೆ ಬೇಕಾದದ್ದು ಬೆರಳು ಆಡುವ ಮುಂಚಿನದ್ದು. ಏನು ಮಾಡಿದರು ಗೊತ್ತಾ? ಎಲ್ಲವನ್ನೂ ಟೇಪಿನಲ್ಲಿ ರೆಕಾರ್ಡ್ ಮಾಡಿ, ಟೇಪನ್ನು ಹಿಂದುಮುಂದಾಗಿ ಓಡಿಸಿದರು. ಮುಂಚಿನದ್ದೆಲ್ಲ ನಂತರದ್ದಾಯಿತು. ಬೆರಳು ಆಡುವ ಒಂದು, ಒಂದೂವರೆ ಸೆಕೆಂಡು ಮುಂಚಿನಿಂದಲೇ ನಿಧಾನಕ್ಕೆ ಏರುವ ಒಂದು ಅಲೆ ಸಿಕ್ಕಿತು. 1965ರಲ್ಲಿ ಅದನ್ನು ವಿವರವಾಗಿ ಪ್ರಕಟಿಸಿದರು.

ಅದೇ ಸಮಯಕ್ಕೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ ಇನ್ನೊಂದು ಅಲೆ ಕಂಡರು. ಮೊದಲು ‘ಟಿಕ್’ ಅಂತ ಒಂದು ಸದ್ದು, ಆಮೇಲೆ ಮಿನುಗುವ ಬೆಳಕು, ಬೆಳಕು ಕಂಡರೆ ಗುಂಡಿ ಒತ್ತಬೇಕು. ಸದ್ದಿಗೂ ಬೆಳಕಿಗೂ ನಡುವಿನ ಖಾಲಿ ಹೊತ್ತಿನಲ್ಲಿ ಅಲೆ ಏರುತ್ತಾ ಹೋಗಿ, ಗುಂಡಿ ಒತ್ತುತ್ತಲೇ ಕುಸಿಯಿತು. ಟೈಮರ್ ಇರುವ ಸಿಗ್ನಲ್ಲಿನಲ್ಲಿ ಮೂರು, ಎರಡು, ಒಂದು ಎಂದು ಅಂಕಿ ಇಳಿಯುವಾಗ ಪ್ರತಿ ಸ್ಕೂಟರ್ ಸವಾರನ ತಲೆಯಲ್ಲೂ ಆಗುವುದು ಸುಮಾರಾಗಿ ಇದೇ.

ಈ ಅಲೆಯ ಬಗ್ಗೆ ಆಮೇಲೆ ದೊಡ್ಡ ಜಗಳವೇ ನಡೆಯಿತು. 1983ರಲ್ಲಿ ಬೆಂಜಮಿನ್ ಲಿಬೆಟ್, ‘ಈಗ ಆಡಿಸೋಣ’ ಎಂದು ಮನುಷ್ಯನಿಗೆ ಅನಿಸುವುದು ಕೆಲಸಕ್ಕೆ 200 ಮಿಲಿಸೆಕೆಂಡ್ ಮೊದಲು, ಅಲೆ ಏಳುವುದು ಸುಮಾರು 550 ಮಿಲಿಸೆಕೆಂಡ್ ಮೊದಲು ಎಂದರು. ಅಷ್ಟಕ್ಕೆ ‘ಮನುಷ್ಯನಿಗೆ ಸ್ವಂತ ಇಚ್ಛೆಯೇ ಇಲ್ಲ’ ಎಂದು ಜಗತ್ತೆಲ್ಲ ಬರೆದದ್ದೇ ಬರೆದದ್ದು. 2012ರಲ್ಲಿ ಆರನ್ ಶುರ್ಗರ್ ಮತ್ತು ಜೊತೆಗಾರರು ಬೇರೆ ವಿವರಣೆ ಕೊಟ್ಟರು. ಮಿದುಳಿನ ಗದ್ದಲ ತನ್ನಷ್ಟಕ್ಕೇ ಏರಿಳಿಯುತ್ತಿರುತ್ತದೆ. ಅದು ಒಂದು ಮಟ್ಟ ದಾಟಿದಾಗ ಬೆರಳು ಆಡುತ್ತದೆ. ಬೆರಳು ಆಡಿದ ಕ್ಷಣದಿಂದ ಹಿಂದಕ್ಕೆ ನೋಡಿ ಸರಾಸರಿ ತೆಗೆದರೆ ಏರುವ ಅಲೆ ಕಂಡೇ ಕಾಣುತ್ತದೆ. ಅಂದರೆ ಅಲೆ ಶುರುವಾದಾಗಲೇ ತೀರ್ಮಾನ ಆಗಿತ್ತು ಎನ್ನಲು ಬರುವುದಿಲ್ಲ. ಇಚ್ಛೆಯ ಚರ್ಚೆಯನ್ನು ಇಲ್ಲಿಗೆ ಬಿಡುತ್ತೇನೆ. ಅದು ಮುಗಿಯುವ ಕತೆ ಅಲ್ಲ.

ನೆತ್ತಿಯ ಮೇಲಿನ ಅಲೆಗೆ ಒಂದು ಮಿತಿ ಇದೆ. ಅದು ಲಕ್ಷಗಟ್ಟಲೆ ನರಕೋಶಗಳ ಒಟ್ಟು ಮೊತ್ತ. ‘ಏನೋ ಬರಲಿಕ್ಕಿದೆ’ ಎಂದು ಹೇಳುತ್ತದೆ, ಒಳಗೆ ಯಾರು ಏನು ಮಾಡುತ್ತಿದ್ದಾರೆ ಎಂದು ಹೇಳುವುದಿಲ್ಲ. ಅದಕ್ಕೆ ಒಂದೊಂದೇ ನರಕೋಶವನ್ನು ಕೇಳಿಸಿಕೊಳ್ಳಬೇಕು. 1976ರಲ್ಲಿ ಜುನ್ ತಾಂಜಿ ಮತ್ತು ಎಡ್ವರ್ಡ್ ಎವಾರ್ಟ್ಸ್ ಮಂಗಗಳಲ್ಲಿ ಅದನ್ನು ಮಾಡಿದರು. ಕೈಯಲ್ಲಿರುವ ಹಿಡಿಯನ್ನು ದೂಡಬೇಕೋ ಎಳೆಯಬೇಕೋ ಎಂದು ಒಂದು ದೀಪ ಮೊದಲೇ ಹೇಳುತ್ತಿತ್ತು. ಆದರೆ ಹಿಡಿ ತಾನಾಗಿ ಅಲುಗುವ ತನಕ ಕಾಯಬೇಕು. ಕಾಯುವ ಹೊತ್ತಿನಲ್ಲೇ, ಕೈ ಅಲ್ಲಾಡುವ ಮುಂಚೆಯೇ, ಚಲನೆಯನ್ನು ನಡೆಸುವ ಮೋಟಾರ್ ಕಾರ್ಟೆಕ್ಸಿನ ನರಕೋಶಗಳು ದೂಡುವುದಕ್ಕೆ ಒಂದು ರೀತಿ, ಎಳೆಯುವುದಕ್ಕೆ ಇನ್ನೊಂದು ರೀತಿ ನಡೆದುಕೊಂಡವು.

ಆಗ ಎಲ್ಲರಿಗೂ ಹೊಳೆದ ವಿವರಣೆ ಸುಲಭದ್ದು: ತಯಾರಿಯಲ್ಲಿ ನರಕೋಶ ಅದೇ ಕೆಲಸವನ್ನು ಕಡಿಮೆ ಪ್ರಮಾಣದಲ್ಲಿ ಮಾಡುತ್ತದೆ, ಒಂದು ಮಟ್ಟ ದಾಟಿದ ಕೂಡಲೇ ಕೈ ಏಳುತ್ತದೆ. ಕೇಳಲು ಚೆನ್ನಾಗಿದೆ, ಅಲ್ವಾ? ಅಳೆದು ನೋಡಿದರೆ ಲೆಕ್ಕ ತಾಳೆಯಾಗಲಿಲ್ಲ. ಕಾಯುವಾಗ ಎಡಗಡೆಯ ಗುರಿಗೆ ಜೋರಾಗಿ ಮಿಡಿಯುತ್ತಿದ್ದ ನರಕೋಶ, ಕೈ ಚಾಚುವಾಗ ಬಲಗಡೆಗೆ ಜೋರಾಗಿ ಮಿಡಿಯುತ್ತಿತ್ತು. ಇನ್ನು ಕೆಲವು, ತಯಾರಿಯಲ್ಲಿ ಚುರುಕಾಗಿದ್ದವು, ಕೆಲಸದ ಹೊತ್ತಿಗೆ ಸುಮ್ಮನಾದವು.

ಈ ಗಂಟು ಬಿಡಿಸಿದ್ದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕೃಷ್ಣ ಶೆಣೈ ಅವರ ತಂಡ. (ಶೆಣೈ ಎಂಬ ಹೆಸರು ಮಂಗಳೂರಿನ ರಥಬೀದಿಯಲ್ಲಿ ಮನೆಗೊಂದು ಸಿಕ್ಕೀತು. ಆದರೂ ಈ ಶೆಣೈ ಅವರನ್ನು ಬಲ್ಲವರು ಇಲ್ಲಿ ಕಡಿಮೆ. ಅವರು 2023ರ ಜನವರಿಯಲ್ಲಿ ತೀರಿಕೊಂಡರು.) 2014ರಲ್ಲಿ ಮ್ಯಾಥ್ಯೂ ಕಾಫ್ಮನ್, ಮಾರ್ಕ್ ಚರ್ಚ್‌ಲ್ಯಾಂಡ್ ಮತ್ತು ಶೆಣೈ ಮುಂದಿಟ್ಟ ವಿವರಣೆ ಇದು. ಒಂದು ಸ್ನಾಯುವಿಗೆ ಎರಡೇ ನರಕೋಶಗಳಿಂದ ಸಂಕೇತ ಬರುತ್ತದೆ ಅಂದುಕೊಳ್ಳಿ. ಸ್ನಾಯುವಿಗೆ ಗೊತ್ತಾಗುವುದು ಎರಡರ ಮೊತ್ತ ಮಾತ್ರ. ಮೊದಲು ಎರಡೂ ಸೆಕೆಂಡಿಗೆ 20 ಸಲ ಮಿಡಿಯುತ್ತಿದ್ದವು, ಮೊತ್ತ 40. ಈಗ ಒಂದು 30ಕ್ಕೆ ಏರಿತು, ಇನ್ನೊಂದು 10ಕ್ಕೆ ಇಳಿಯಿತು. ಮೊತ್ತ ಈಗಲೂ 40. ಮಿದುಳಿನ ಒಳಗೆ ಎಲ್ಲ ಬದಲಾಗಿದೆ, ಸ್ನಾಯುವಿಗೆ ಸುದ್ದಿಯೇ ಇಲ್ಲ. ಎರಡೂ ಒಟ್ಟಿಗೆ 30ಕ್ಕೆ ಏರಿದರೆ ಮೊತ್ತ 60, ಆಗ ಸ್ನಾಯು ಏಳುತ್ತದೆ. ಎರಡರ ಬದಲು ಲಕ್ಷಾಂತರ ನರಕೋಶಗಳಿದ್ದಾಗ ಹೀಗೆ ಮೊತ್ತ ಕೆಡದಂತೆ ಬದಲಾಗಲು ಎಷ್ಟೋ ದಾರಿಗಳಿರುತ್ತವೆ. ತಯಾರಿ ಬಹುಪಾಲು ಆ ದಾರಿಗಳಲ್ಲೇ ನಡೆಯುತ್ತದೆ, ಕೆಲಸ ಬೇರೆ ದಾರಿಯಲ್ಲಿ. 2016ರಲ್ಲಿ ಇದನ್ನು ಇನ್ನೊಮ್ಮೆ ಲೆಕ್ಕ ಹಾಕಿ ನೋಡಿದಾಗ, ತಯಾರಿಯ ಮಾದರಿಗೂ ಕೆಲಸದ ಮಾದರಿಗೂ ಹೆಚ್ಚುಕಡಿಮೆ ಸಂಬಂಧವೇ ಇಲ್ಲದಷ್ಟು ಅವು ಬೇರೆಬೇರೆ ಎಂದು ಗೊತ್ತಾಯಿತು.

ಹಾಗಾದರೆ ಒಂದರಿಂದ ಇನ್ನೊಂದಕ್ಕೆ ದಾಟಿಸುವವರು ಯಾರು? ಇಲ್ಲಿ ನಮ್ಮ ಕಂಡಕ್ಟರ್ ಬರುತ್ತಾರೆ. ಕೈ ಹೊರಡುವ ಮುನ್ನ ಮೋಟಾರ್ ಕಾರ್ಟೆಕ್ಸಿನಲ್ಲಿ ಒಂದು ಭಾರೀ ಬದಲಾವಣೆ ಆಗುತ್ತದೆ. 2016ರಲ್ಲಿ ಕಾಫ್ಮನ್ ಮತ್ತಿತರರು ತೋರಿಸಿದ ಹಾಗೆ, ಆ ಭಾಗದಲ್ಲಿ ಕಾಣುವ ಎಲ್ಲ ಸಂಕೇತಗಳಲ್ಲಿ ದೊಡ್ಡದು ಅದೇ. ತಮಾಷೆ ಎಂದರೆ, ಅದರಲ್ಲಿ ಎಡಕ್ಕೋ ಬಲಕ್ಕೋ ಎಂಬ ಮಾಹಿತಿ ಹೆಚ್ಚುಕಡಿಮೆ ಇಲ್ಲ. ‘ಈಗ’ ಎಂಬುದಷ್ಟೇ ಇದೆ. ಬಸ್ಸು ಕಂಕನಾಡಿಗೆ ಹೋಗಲಿ, ತಲಪಾಡಿಗೆ ಹೋಗಲಿ, ಕಂಡಕ್ಟರ್ ಹೇಳುವುದು ಒಂದೇ ‘ರೈಟ್ ಪೋಯಿ’. ದಾರಿ ಡ್ರೈವರಿಗೆ ಮೊದಲೇ ಗೊತ್ತು. ಆ ಕೂಗು ಎಲ್ಲಿಂದ ಬರುತ್ತದೆ ಎಂಬುದನ್ನು 2022ರಲ್ಲಿ ಇಲಿಗಳಲ್ಲಿ ಹುಡುಕಿದರು. ನಾಲಗೆಯನ್ನು ಎಡಕ್ಕೆ ಚಾಚಬೇಕೋ ಬಲಕ್ಕೋ ಎಂದು ಇಲಿಗೆ ಮೊದಲೇ ಗೊತ್ತಿರುತ್ತದೆ, ಸದ್ದಿಗಾಗಿ ಕಾಯುತ್ತಿರುತ್ತದೆ. ಸದ್ದು ಕೇಳಿದ ಕೂಡಲೇ ಮಧ್ಯಮಿದುಳಿನಿಂದ ಥಲಾಮಸ್ (ಮಿದುಳಿನ ಆಳದಲ್ಲಿ ಸಂಕೇತಗಳನ್ನು ದಾಟಿಸುವ ಭಾಗ) ಮೂಲಕ ಕಾರ್ಟೆಕ್ಸಿಗೆ ಒಂದು ಸಂಕೇತ ಓಡಿ, ತಯಾರಿಯ ಮಾದರಿಯನ್ನು ಅಳಿಸಿ ಕೆಲಸದ ಮಾದರಿಯನ್ನು ಎಬ್ಬಿಸುತ್ತದೆ. ಆ ದಾರಿಯನ್ನು ತಡೆದರೆ, ತಯಾರಾದ ಇಲಿ ತಯಾರಾಗಿಯೇ ಉಳಿಯುತ್ತದೆ.

ತಯಾರಾಗುವುದೂ ಹೊರಡುವುದೂ ಬೇರೆ ಎಂಬುದಕ್ಕೆ ಮನುಷ್ಯರಲ್ಲೂ ಸಾಕ್ಷಿ ಇದೆ. 2016ರ ಇನ್ನೊಂದು ಅಧ್ಯಯನದಲ್ಲಿ, ಜನ ಕೈ ಚಾಚಲು ಪೂರ್ತಿ ತಯಾರಾದ ಮೇಲೂ ಸರಾಸರಿ ಸುಮಾರು 80 ಮಿಲಿಸೆಕೆಂಡ್ ಸುಮ್ನೆ ಕಾದು ಆಮೇಲೆ ಹೊರಡುತ್ತಾರೆ ಎಂದು ಕಂಡುಬಂತು. ಅವಸರದಲ್ಲಿ ತಪ್ಪು ಆಗದಿರಲಿ ಎಂದು ಮಿದುಳು ಇಟ್ಟುಕೊಂಡ ಅಂತರ ಅದು.

ಈ ತಡೆಹಿಡಿಯುವ ಕೆಲಸ ಕಾರ್ಟೆಕ್ಸಿನದ್ದೊಂದೇ ಅಲ್ಲ. ಬೆನ್ನುಹುರಿಯೂ ಸೇರಿಕೊಳ್ಳುತ್ತದೆ. ಕಾಯುವ ಹೊತ್ತಿನಲ್ಲೇ ಬೆನ್ನುಹುರಿಯ ನರಕೋಶಗಳೂ ಬದಲಾಗುತ್ತವೆ, ಅದರಲ್ಲಿ ತಡೆಯುವ ಪಾಲೂ ದೊಡ್ಡದಿದೆ ಎಂದು 1999ರಲ್ಲಿ ಇಫಾತ್ ಪ್ರುಟ್ ಮತ್ತು ಎಬರ್‌ಹಾರ್ಡ್ ಫೆಟ್ಜ್ ತೋರಿಸಿದರು. ಕಂಬಳದ ಗಂತಿನಲ್ಲಿ, ಅಂದರೆ ಓಟ ಹೊರಡುವ ಜಾಗದಲ್ಲಿ, ಇದನ್ನು ಕಣ್ಣಾರೆ ನೋಡಬಹುದು. ಹಗ್ಗ ಹಿಡಿದು ಓಡಿಸುವವನ ಮೊಣಕಾಲು ಬಗ್ಗಿದೆ, ಹಿಮ್ಮಡಿ ಕೆಸರಿನಲ್ಲಿ ಊರಿದೆ, ಕಣ್ಣು ಓಟ ಮುಗಿಯುವ ಮಂಜೊಟ್ಟಿ ಕಡೆಗೆ. ಕೋಣಗಳು ಮುಂದಕ್ಕೆ ಜಗ್ಗುತ್ತಿವೆ. ಹಿಡಿದು ನಿಲ್ಲಿಸುವವರು ಹಿಂದಕ್ಕೆ ದೂಡುತ್ತಿದ್ದಾರೆ. ಪಕ್ಕದ ಕರೆಯ (ಓಟದ ಸಾಲಿನ) ಕೋಣ ಅಡ್ಡ ತಿರುಗಿತು, ಮತ್ತೆ ಸರಿ ನಿಲ್ಲಿಸಬೇಕು. ಓಡಿಸುವವನು ಬಿಗಿದ ಮೈಯನ್ನು ಸಡಿಲಿಸಿ ಮತ್ತೆ ಬಿಗಿಯುತ್ತಾನೆ. ಸಿದ್ಧತೆಯ ತುದಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಕಾಯುವಿಕೆ ಉದ್ದವಾದಷ್ಟೂ, ‘ಯಾವಾಗ’ ಎಂಬುದು ಅಂದಾಜಿಗೆ ಸಿಗದಷ್ಟೂ ಹೊರಡುವ ಚುರುಕು ಕುಂದುತ್ತದೆ ಎಂಬುದು ನೂರು ವರ್ಷದಿಂದ ಗೊತ್ತಿರುವ ವಿಷಯ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ಸುದ್ದಿಯಾದಾಗ ಎಲ್ಲರೂ ಉಸೇನ್ ಬೋಲ್ಟ್ ಜೊತೆ ಹೋಲಿಸಿದರು. ಓಟದ ಹೋಲಿಕೆ ಅಷ್ಟು ಸರಿಯಲ್ಲ, ಮುಂದೆ ಎಳೆಯಲು ಕೋಣಗಳಿವೆ. ನನಗೆ ಕೇಳಿದರೆ ಹೋಲಿಸಬೇಕಾದದ್ದು ಹೊರಡುವ ಕ್ಷಣವನ್ನು. ಅಲ್ಲಿ ಕಂಬಳದವರ ಕೆಲಸವೇ ಕಷ್ಟ. ತನ್ನ ಮೈಯ ಜೊತೆಗೆ ಎರಡು ಕೋಣಗಳ ಮೈಯನ್ನೂ ತಡೆದಿಟ್ಟುಕೊಂಡಿರಬೇಕು.

ಬೋಲ್ಟ್ ಅವರಿಗೂ ಆ ಕ್ಷಣ ಕೈಕೊಟ್ಟದ್ದುಂಟು. 2011ರಲ್ಲಿ ಕೊರಿಯಾದ ದೇಗುವಿನಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ 100 ಮೀಟರ್ ಫೈನಲ್‌ನಲ್ಲಿ ಗನ್ನಿಗೆ ಮುಂಚೆಯೇ ಹೊರಟು ಅನರ್ಹರಾದರು. ಗನ್ ಸದ್ದಾದ 0.1 ಸೆಕೆಂಡಿನೊಳಗೆ ಹೊರಟರೂ ಅದು ತಪ್ಪು ಓಟವೇ ಎಂಬುದು ಅಥ್ಲೆಟಿಕ್ಸ್ ನಿಯಮ. ಅಷ್ಟು ಬೇಗ ಯಾರಿಗೂ ಸದ್ದು ಕೇಳಿ ಹೊರಡಲು ಆಗುವುದಿಲ್ಲ ಎಂಬ ನಂಬಿಕೆ ಅದರ ಹಿಂದಿದೆ. 2022ರಲ್ಲಿ ಯೂಜಿನ್‌ನಲ್ಲಿ ಹರ್ಡಲ್ಸ್ ಓಟಗಾರ ಡೆವೊನ್ ಆ್ಯಲನ್ 0.099 ಸೆಕೆಂಡಿಗೆ ಹೊರಟು ಫೈನಲ್ಲಿನಿಂದ ಹೊರಬಿದ್ದರು. ಒಂದು ಮಿಲಿಸೆಕೆಂಡ್! ಆದರೆ 1999ರಿಂದಲೇ ಗೊತ್ತಿರುವ ಮಾತೊಂದಿದೆ. ಪೂರ್ತಿ ತಯಾರಾಗಿರುವವನಿಗೆ ಬೆಚ್ಚಿಬೀಳಿಸುವಷ್ಟು ಜೋರಾದ ಸದ್ದು ಕೇಳಿಸಿದರೆ, ತಯಾರಿಟ್ಟ ಚಲನೆ ಮಾಮೂಲಿಗಿಂತ ತುಂಬಾ ಬೇಗ, ಇದ್ದ ಹಾಗೇ ಹೊರಬರುತ್ತದೆ. 0.1ರ ಗೆರೆ ಅಷ್ಟು ಗಟ್ಟಿ ಅಂತ ನನಗನಿಸುವುದಿಲ್ಲ.

ಹೊರಟದ್ದನ್ನು ನಿಲ್ಲಿಸುವುದು? ‘ರೈಟ್’ ಅಂದಾಗಿದೆ, ಅಷ್ಟರಲ್ಲಿ ಕೊಡೆ ಹಿಡಿದ ಅಜ್ಜಿಯೊಬ್ಬರು ಓಡಿ ಬರುತ್ತಾರೆ. ‘ಹೋಲ್ಡಾನ್, ಹೋಲ್ಡಾನ್!’ ಎಂದು ಕಂಡಕ್ಟರ್ ಕೂಗುತ್ತಾರೆ. ಬರ್ಲಿನ್ನಿನಲ್ಲಿ ಜಾನ್-ಡೈಲನ್ ಹೇಯ್ನ್ಸ್ ಮತ್ತು ಜೊತೆಗಾರರು 2016ರಲ್ಲಿ ಪ್ರಕಟಿಸಿದ ಪ್ರಯೋಗ ಹೆಚ್ಚುಕಡಿಮೆ ಇದೇ, ಅದೂ ಕಾಲಿನದ್ದೇ. ಹಸಿರು ದೀಪ ಇರುವಾಗ ಬೇಕೆನಿಸಿದಾಗ ಕಾಲಿನಿಂದ ಗುಂಡಿ ಒತ್ತಬೇಕು. ಕಂಪ್ಯೂಟರ್ ನೆತ್ತಿಯ ಅಲೆ ನೋಡಿ, ‘ಈಗ ಒತ್ತುತ್ತಾನೆ’ ಎಂದು ಗೊತ್ತಾದ ಕೂಡಲೇ ದೀಪವನ್ನು ಕೆಂಪು ಮಾಡುತ್ತದೆ. ಅಲೆ ಎದ್ದ ಮೇಲೂ ಜನ ಕಾಲನ್ನು ತಡೆದರು. ಚಲನೆ ಶುರುವಾಗಲು ಸುಮಾರು 200 ಮಿಲಿಸೆಕೆಂಡ್ ಉಳಿದಿರುವ ತನಕ ತಡೆಯಲು ಆಗುತ್ತದೆ, ಆಮೇಲೆ ಆಗುವುದಿಲ್ಲ. ಅಂದರೆ ತಯಾರಿ ಕಂಡಿತು ಎಂದ ಮಾತ್ರಕ್ಕೆ ಕೆಲಸ ಆಯಿತು ಎಂದಲ್ಲ. ಮುಂದಿನ ಮಾತಿಗೆ ಇದು ಬೇಕು.

ದಾಟಿಸುವ ಕಡೆಯೇ ಕೆಟ್ಟರೆ ಏನಾಗುತ್ತದೆ ಎಂಬುದನ್ನು ಪಾರ್ಕಿನ್ಸನ್ ಇರುವ ಹಿರಿಯರ ಮನೆಯಲ್ಲಿ ನೋಡಬಹುದು. ಅಜ್ಜ ಚಾವಡಿಯಿಂದ ಒಳಗೆ ಹೋಗಲು ಏಳುತ್ತಾರೆ. ಹೊಸ್ತಿಲ ಹತ್ತಿರ ಬಂದಾಗ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತದೆ. ಎಲ್ಲಿಗೆ ಹೋಗಬೇಕು ಎಂದು ಗೊತ್ತಿದೆ, ಕಾಲಿನಲ್ಲಿ ಶಕ್ತಿಯೂ ಇದೆ. ಮನೆಯವರು ‘ಬೇಗ ಬನ್ನಿ ಅಜ್ಜ’ ಎಂದು ಅವಸರ ಮಾಡಿದರೆ ಇನ್ನೂ ಕಷ್ಟ. ಅದರ ಬದಲು ಕೆಂಪು ಕಾವಿಯ ನೆಲದ ಮೇಲೆ ಬಿಳಿ ಟೇಪಿನ ಅಡ್ಡಪಟ್ಟಿಗಳನ್ನು ಅಂಟಿಸಿ, ‘ಈ ಗೆರೆ ದಾಟಿ’ ಎಂದರೆ ಎಷ್ಟೋ ಜನ ದಾಟುತ್ತಾರೆ. ಫಿಸಿಯೊಥೆರಪಿಸ್ಟುಗಳು ಈ ಉಪಾಯವನ್ನು, ತಾಳ ಹಾಕಿ ನಡೆಸುವುದನ್ನು ಹಿಂದಿನಿಂದಲೂ ಬಳಸುತ್ತಾರೆ. ಒಳಗಿನಿಂದ ಬರಬೇಕಾದ ‘ಈಗ’ ತಡವರಿಸುವಾಗ, ಹೊರಗಿನಿಂದ ಬಂದದ್ದು ಬೇರೆ ದಾರಿಯಿಂದ ಕೆಲಸ ಮಾಡುತ್ತದೆ. ಇದು ಎಲ್ಲರಿಗೂ, ಎಲ್ಲ ಹೊತ್ತಿಗೂ ನಡೆಯುವುದಿಲ್ಲ, ಔಷಧಿಗೆ ಬದಲಿಯೂ ಅಲ್ಲ.

ಇನ್ನು ಚಿಪ್ಪಿನ ವಿಷಯ. ಕುತ್ತಿಗೆಯಿಂದ ಕೆಳಗೆ ಸ್ವಾಧೀನ ಇಲ್ಲದ ವ್ಯಕ್ತಿಯೊಬ್ಬರು ಕೈಯಲ್ಲಿ ಬರೆಯಲು ಮನಸ್ಸಿನಲ್ಲೇ ಪ್ರಯತ್ನಿಸಿದರೆ, ಅದನ್ನು ಅಕ್ಷರವಾಗಿ ಪರದೆಯ ಮೇಲೆ ತರುವ ವ್ಯವಸ್ಥೆಯನ್ನು ಶೆಣೈ ಅವರ ತಂಡ 2021ರಲ್ಲಿ ತೋರಿಸಿತು. ವೇಗ ನಿಮಿಷಕ್ಕೆ 90 ಅಕ್ಷರ. 2023ರಲ್ಲಿ ಸ್ನಾಯುಗಳ ಸ್ವಾಧೀನ ತಪ್ಪಿಸುವ ಎಎಲ್‌ಎಸ್ ಎಂಬ ನರದ ಕಾಯಿಲೆಯಿಂದ ಮಾತು ಕಳೆದುಕೊಂಡ ಮಹಿಳೆಯೊಬ್ಬರು ಮಾತಾಡಲು ಪ್ರಯತ್ನಿಸಿದ್ದನ್ನು ನಿಮಿಷಕ್ಕೆ 62 ಪದದಂತೆ ಓದಲಾಯಿತು. ನ್ಯೂರಾಲಿಂಕ್ ಕಂಪನಿ ಮೊದಲ ಮನುಷ್ಯನಿಗೆ ಚಿಪ್ ಇಟ್ಟದ್ದು 2024ರ ಜನವರಿಯಲ್ಲಿ. ಇವೆಲ್ಲ ಓದುವುದು ‘ಮಾಡಲು ಹೊರಟದ್ದನ್ನು’. ಕೈ ಬರೆಯದೇ ಇರಬಹುದು, ಬಾಯಿ ಆಡದೇ ಇರಬಹುದು, ಆದರೆ ಆ ವ್ಯಕ್ತಿ ನಿಜವಾಗಿ ಪ್ರಯತ್ನ ಮಾಡುತ್ತಿದ್ದಾರೆ.

ಪ್ರಯತ್ನವನ್ನೇ ಮಾಡದೆ ಮನಸ್ಸಿನೊಳಗೆ ಆಡಿಕೊಂಡ ಮಾತು? 2025ರ ಆಗಸ್ಟಿನಲ್ಲಿ ಅದೇ ಸ್ಟ್ಯಾನ್‌ಫರ್ಡಿನವರು, ನಾಲ್ಕು ಜನ ಭಾಗವಹಿಸಿದ ಒಂದು ಅಧ್ಯಯನ ಪ್ರಕಟಿಸಿದರು. ಒಳಮಾತನ್ನೂ ಒಂದು ಮಟ್ಟಕ್ಕೆ ಓದಬಹುದು ಎಂದು ಗೊತ್ತಾಯಿತು. 1,25,000 ಪದಗಳ ಕೋಶ ಇಟ್ಟುಕೊಂಡು 74 ಶೇಕಡಾದಷ್ಟು ನಿಖರತೆ ಸಿಕ್ಕಿತು, ಅದೂ ಅತಿ ಚೆನ್ನಾಗಿ ಬಂದಾಗ. ಇನ್ನೊಂದು ಸಂಗತಿ ಜಾಸ್ತಿ ಯೋಚನೆಗೆ ಹಚ್ಚುವಂಥದ್ದು. ಪರದೆಯ ಮೇಲಿನ ಆಕಾರಗಳನ್ನು ಎಣಿಸಿ ಎಂದಾಗ, ‘ಮನಸ್ಸಿನಲ್ಲಿ ಹೇಳಿಕೊಳ್ಳಿ’ ಎಂದು ಯಾರೂ ಹೇಳದಿದ್ದರೂ, ಒಳಗೊಳಗೆ ಎಣಿಸಿದ ಅಂಕಿಗಳ ಸುಳಿವು ಯಂತ್ರಕ್ಕೆ ಸಿಕ್ಕಿತು. ವಾಟ್ಸಾಪಿಗೆ ಬಂದದ್ದು ಇಷ್ಟೇ. ಬಾರದೇ ಉಳಿದದ್ದು ಇದು: ಒಳಮಾತೂ ಆಡಲು ಪ್ರಯತ್ನಿಸಿದ ಮಾತೂ ನೋಡಲು ಒಂದೇ ತರಹ ಇದ್ದರೂ, ‘ಹೊರಗೆ ಆಡುತ್ತೇನೆ’ ಎಂಬ ಉದ್ದೇಶ ನರಕೋಶಗಳ ಬೇರೆಯೇ ಮಾದರಿಯಲ್ಲಿ ಕಾಣುತ್ತದೆ. ಅದನ್ನು ಹಿಡಿದು, ಒಳಮಾತನ್ನು ಪೂರ್ತಿ ಬಿಟ್ಟುಬಿಡುವಂತೆ ಯಂತ್ರಕ್ಕೆ ಕಲಿಸಬಹುದು. ಒಳಮಾತನ್ನೇ ಓದಬೇಕೆಂದು ಬಯಸುವವರಿಗೆ ಒಂದು ಗುಪ್ತಪದ ಕೊಟ್ಟರು. ಅದನ್ನು ಮನಸ್ಸಿನಲ್ಲಿ ಹೇಳಿಕೊಂಡರೆ ಮಾತ್ರ ಯಂತ್ರ ಓದಲು ಶುರುಮಾಡುತ್ತದೆ. ಆ ಗುಪ್ತಪದವನ್ನು ಯಂತ್ರ 98 ಶೇಕಡಾಕ್ಕಿಂತ ಹೆಚ್ಚು ಸಲ ಸರಿಯಾಗಿ ಗುರುತಿಸಿತು.

ತಯಾರಿಯೂ ಕೆಲಸವೂ ಒಂದೇ ಆಗಿದ್ದರೆ ಈ ಬೀಗ ಹಾಕಲು ಜಾಗವೇ ಇರುತ್ತಿರಲಿಲ್ಲ. ಅವು ಬೇರೆಯಾದ್ದರಿಂದ, ಗೆರೆ ಎಳೆಯಬೇಕಾದದ್ದು ಅಲ್ಲೇ ಎಂಬುದು ನನ್ನ ಅಭಿಪ್ರಾಯ. ವ್ಯಕ್ತಿ ಮಾಡಲು ಹೊರಟದ್ದನ್ನು ಯಂತ್ರ ಓದಲಿ. ಮನಸ್ಸಿನಲ್ಲಿ ತಯಾರಾಗಿ, ಬೇಡವೆಂದು ಬಿಟ್ಟದ್ದು ಅವರದ್ದೇ ಆಗಿರಲಿ. ಕೊನೆಯ 200 ಮಿಲಿಸೆಕೆಂಡಿಗೆ ಮೊದಲು ಕಾಲನ್ನು ತಡೆಯಬಲ್ಲವನ ತಯಾರಿಯನ್ನೇ ಅವನ ನಡತೆ ಎಂದು ಬರೆದುಕೊಳ್ಳುವುದು ತಪ್ಪು. ಬೀಗ ಇಡುವುದು ಸಾಧ್ಯ ಎಂದರೆ ಕಂಪನಿಗಳು ಇಡುತ್ತವೆ ಎಂದಲ್ಲ. ಅದನ್ನು ಕಾನೂನೇ ಹೇಳಬೇಕು.

ಚಿಲಿ ದೇಶ 2021ರಲ್ಲಿ ಮಿದುಳಿನ ಮಾಹಿತಿಯ ರಕ್ಷಣೆಯನ್ನು ಸಂವಿಧಾನಕ್ಕೇ ಸೇರಿಸಿತು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಇಮೋಟಿವ್ ಎಂಬ ಕಂಪನಿ ತಲೆಪಟ್ಟಿಯ (ನೆತ್ತಿಯ ಮೇಲಿಂದ ಮಿದುಳಿನ ಅಲೆ ಅಳೆಯುವ ಪಟ್ಟಿ) ಮೂಲಕ ಸಂಗ್ರಹಿಸಿದ್ದ ಮಾಜಿ ಸೆನೆಟರ್ ಒಬ್ಬರ ಮಿದುಳಿನ ಮಾಹಿತಿಯನ್ನು ಅಳಿಸಲು ಹೇಳಿತು. ಅಮೆರಿಕದಲ್ಲಿ ಕೊಲರಾಡೊ, ಕ್ಯಾಲಿಫೋರ್ನಿಯಾ ರಾಜ್ಯಗಳು 2024ರಲ್ಲಿ ಇದನ್ನು ಸೂಕ್ಷ್ಮ ಮಾಹಿತಿ ಎಂದು ಕಾನೂನಿನಲ್ಲಿ ಬರೆದವು.

ನಮ್ಮಲ್ಲಿ ಚಿಪ್ಪಿಗಿಂತ ಮೊದಲು ಬರುವುದು ತಲೆಪಟ್ಟಿ. ‘ಮಕ್ಕಳ ಏಕಾಗ್ರತೆ ಅಳೆಯುತ್ತದೆ’ ಎಂದು ಮಾರುವ ಪಟ್ಟಿಗಳು ಆನ್‌ಲೈನಿನಲ್ಲಿ ಈಗಲೇ ಸಿಗುತ್ತವೆ. ಚೀನಾದ ಜಿನ್‌ಹುವಾದ ಪ್ರಾಥಮಿಕ ಶಾಲೆಯೊಂದರಲ್ಲಿ ಮಕ್ಕಳಿಗೆ ಇವನ್ನು ತೊಡಿಸಿ, ಅಂಕಿಗಳನ್ನು ಶಿಕ್ಷಕರಿಗೂ ಹೆತ್ತವರಿಗೂ ಕಳಿಸಿದ್ದರು. 2019ರಲ್ಲಿ ಜನ ಗಲಾಟೆ ಎಬ್ಬಿಸಿದ ಮೇಲೆ ನಿಲ್ಲಿಸಿದರು. ನೆತ್ತಿಯ ಮೇಲಿನ ಒಂದೆರಡು ತಂತಿ ಯಾವ ಮಾತನ್ನೂ ಓದಲಾರದು. ತಯಾರಿಯ ಅಲೆಯನ್ನು ಕಾಣಲು ಕೋರ್ನ್‌ಹ್ಯೂಬರ್ ನೂರಾರು ಸಲದ ಸರಾಸರಿ ತೆಗೆಯಬೇಕಾಯಿತು. ಮಗು ಕಣ್ಣು ಮಿಟುಕಿಸಿದರೆ, ಹಲ್ಲು ಕಚ್ಚಿದರೆ ಅದರ ಸದ್ದೇ ಮಿದುಳಿನ ಸಂಕೇತಕ್ಕಿಂತ ದೊಡ್ಡದು. ಹಾಗಾಗಿ ಇಲ್ಲಿನ ಭಯ ಮನಸ್ಸು ಓದುತ್ತಾರೆಂದಲ್ಲ. ಓದಲಾಗದ್ದನ್ನು ಓದಿದೆವೆಂದು ಹೇಳಿ ಮಗುವಿಗೆ ಅಂಕ ಹಾಕುತ್ತಾರೆಂಬುದು.

ದಕ್ಷಿಣ ಕನ್ನಡ, ಉಡುಪಿ ಅಂದರೆ ಪಿಯುಸಿ ಫಲಿತಾಂಶದಲ್ಲಿ ಮೊದಲ ಸ್ಥಾನಕ್ಕೆ ಪೈಪೋಟಿ ನಡೆಸುವ ಜಿಲ್ಲೆಗಳು. ಇಂಥ ಪಟ್ಟಿಗೆ ಇಲ್ಲಿಗಿಂತ ಒಳ್ಳೆಯ ಮಾರುಕಟ್ಟೆ ಬೇಕಾ? ನಮ್ಮ 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯ್ದೆಯಲ್ಲಿ ಮಿದುಳಿನ ಮಾಹಿತಿಗೆ ಪ್ರತ್ಯೇಕ ಜಾಗ ಇಲ್ಲ. ಸೂಕ್ಷ್ಮ ಮಾಹಿತಿ ಎಂಬ ಬೇರೆ ವರ್ಗವೇ ಅದರಲ್ಲಿಲ್ಲ. 18 ವರ್ಷದೊಳಗಿನ ಮಕ್ಕಳ ನಡವಳಿಕೆಯ ಮೇಲೆ ನಿಗಾ ಇಡಬಾರದು ಎಂದು ಕಾಯ್ದೆ ಹೇಳುತ್ತದೆ ನಿಜ. ಆದರೆ 2025ರ ನವೆಂಬರಿನಲ್ಲಿ ಬಂದ ನಿಯಮಗಳು ಶಿಕ್ಷಣ ಸಂಸ್ಥೆಗಳಿಗೆ ಶೈಕ್ಷಣಿಕ ಚಟುವಟಿಕೆಗಾಗಿ ಅದರಿಂದ ವಿನಾಯಿತಿ ಕೊಟ್ಟಿವೆ. ತಲೆಪಟ್ಟಿ ತೊಡಿಸುವುದು ಶೈಕ್ಷಣಿಕ ಚಟುವಟಿಕೆ ಹೌದೋ ಅಲ್ಲವೋ ಎಂದು ಆ ನಿಯಮಗಳು ಹೇಳುವುದಿಲ್ಲ. ಪೇರೆಂಟ್ಸ್ ಮೀಟಿಂಗಿನಲ್ಲಿ ಒಪ್ಪಿಗೆ ಪತ್ರ ಕೈಗೆ ಬಂದರೆ, ಸಹಿ ಹಾಕುವ ಮುಂಚೆ ಆ ಪ್ರಶ್ನೆಯನ್ನು ಹೆತ್ತವರೇ ಕೇಳಬೇಕಾಗುತ್ತದೆ.